ಚೌಕ್ ಹತ್ತಿರದ ಸೈಕಲ್ ಚಾಚಾ ಅಂಗಡಿ: ಹಳೇ ರ‍್ಯಾಲಿ ಸೈಕಲ್ ರಿಪೇರಿ ಮಾಡಿಸಿದ್ದು ಹೇಗಿತ್ತು

ಅಂಗಡಿಗೆ ಬೋರ್ಡ್ ಇಲ್ಲ. ಮ್ಯಾಪಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಕಲಬುರಗಿಯ ಚೌಕ್‌ನಿಂದ ಗಂಜ್ ಕಡೆ ಹೊರಟರೆ ಒಂದು ಒಳಗಲ್ಲಿಯಲ್ಲಿ ಗೋಡೆ ತುಂಬಾ ಹಳೇ ರಿಮ್‌ಗಳನ್ನು ನೇತು ಹಾಕಿರುವುದು ಕಾಣುತ್ತದೆ, ಅದೇ ಅಂಗಡಿ. ಸಿಗದಿದ್ದರೆ ಯಾವ ಕಿರಾಣಾ ಅಂಗಡಿಯವರನ್ನಾದರೂ "ಸೈಕಲ್ ಚಾಚಾ ಎಲ್ಲಿ ಕೂಡ್ತಾರ್ರಿ" ಅಂತ ಕೇಳಿ, ತೋರಿಸುತ್ತಾರೆ.

ಕೆಲಸಕ್ಕೆ ಐದಕ್ಕೆ ಐದು. ಹೇಳಿದ ದಿನಕ್ಕೆ ಕೊಡುವ ವಿಷಯದಲ್ಲಿ ಐದಕ್ಕೆ ಎರಡು, ಅದೂ ದಾಕ್ಷಿಣ್ಯಕ್ಕೆ. ಪೇಂಟಿಂಗ್ ಅಲ್ಲಿ ಮಾಡಿಸಬೇಡಿ, ಅದನ್ನು ಆಮೇಲೆ ಹೇಳುತ್ತೇನೆ.

ನಾನು ಒಯ್ದಿದ್ದು ಅಪ್ಪನ ಸೈಕಲ್. ಅಪ್ಪ ಎಂಎಸ್‌ಕೆ ಮಿಲ್‌ನಲ್ಲಿ ಕೆಲಸಕ್ಕಿದ್ದರು, ನಮ್ಮೂರಿನ ಬಟ್ಟೆ ಮಿಲ್ ಅದು. ಅಲ್ಲಿನ ವೀವಿಂಗ್ ಮಾಸ್ಟರ್ ಒಬ್ಬರು ಬಾಂಬೆಯಿಂದ ತರಿಸಿದ್ದ ಇಂಗ್ಲೆಂಡಿನ ಕಂಪನಿಯ ರ‍್ಯಾಲಿ, ಅವರು ಊರು ಬಿಡುವಾಗ ಅಪ್ಪ ಕೊಂಡುಕೊಂಡಿದ್ದು. ರಾಡ್ ಬ್ರೇಕು, ಪೂರ್ತಿ ಮುಚ್ಚಿದ ಚೈನ್ ಕವರ್, ಹಿಂದಿನ ಗಾಲಿಯ ನಡುವಿನ ಹಬ್‌ನೊಳಗೇ ಮೂರು ಗೇರು. ಮಡ್ಗಾರ್ಡ್‌ಗೆ ಇನ್ನೂ ಆಗಿನ ಮುನಿಸಿಪಾಲಿಟಿಯ ಲೈಸೆನ್ಸ್ ಬಿಲ್ಲೆ ಅಂಟಿಕೊಂಡಿತ್ತು. ಮಿಲ್ ಮುಚ್ಚಿದ ಮೇಲೂ ಅಪ್ಪ ಅದನ್ನೇ ತುಳಿದರು. ಅವರು ಹೋದ ಮೇಲೆ ಮಾಳಿಗೆ ಮೆಟ್ಟಿಲ ಕೆಳಗೆ ಬಿದ್ದಿತ್ತು.

ಮೊದಲು ದೊಡ್ಡ ರಸ್ತೆಯ ಒಂದು ಹೊಸ ಶೋರೂಮ್‌ಗೆ ಒಯ್ದಿದ್ದೆ. ಹೆಸರು ಬೇಡ ಬಿಡಿ. ಅಲ್ಲಿದ್ದ ಹುಡುಗ ಸೈಕಲ್‌ಗೆ ಒಂದು ಸುತ್ತು ಹಾಕಿ, ಮೊಬೈಲಲ್ಲಿ ಫೋಟೋ ತೆಗೆದು, "ಸರ್ ಇದಕ್ಕೆ ಪಾರ್ಟ್ಸ್ ಬರಲ್ಲ, ಎಕ್ಸ್‌ಚೇಂಜ್‌ನಲ್ಲಿ ಐನೂರು ಕೊಡ್ತೀವಿ" ಅಂದ. ಪೆಡಲ್ ಒಂದು ಸಲ ತಿರುಗಿಸಿಯೂ ನೋಡಲಿಲ್ಲ. ಅವನನ್ನೇನೂ ಬಯ್ಯುವುದಿಲ್ಲ, ಅವನಿಗೆ ಕಲಿಸಿರುವುದು ಡಬ್ಬಿಯಿಂದ ಸೈಕಲ್ ತೆಗೆದು ಅಲೆನ್ ಕೀಯಲ್ಲಿ ಹ್ಯಾಂಡಲ್ ಕೂಡಿಸುವುದನ್ನು.

ಚಾಚಾ ಮಾತ್ರ ಸೈಕಲ್ ನೋಡುವ ಮುಂಚೆ ಅದರ ಸದ್ದು ಕೇಳಿದರು. ಸ್ಟ್ಯಾಂಡ್ ಹಾಕಿ, ಹಿಂದಿನ ಗಾಲಿಯನ್ನು ಕೈಯಲ್ಲಿ ಜೋರಾಗಿ ತಿರುಗಿಸಿ, ಕಣ್ಣು ಬೇರೆ ಕಡೆ ಇಟ್ಟು ಕಿವಿ ಹತ್ತಿರ ತಂದರು. ಟಿಕ್ ಟಿಕ್ ಸದ್ದಿನಲ್ಲಿ ಎಲ್ಲೋ ಒಂದು ಕಡೆ ತಪ್ಪುತ್ತಿತ್ತಂತೆ. "ಒಳಗ ಒಂದು ಸ್ಪ್ರಿಂಗ್ ಮುರದದ ನೋಡ್ರಿ" ಅಂದರು. ಹಬ್ ಬಿಚ್ಚಿದ ಮೇಲೆ ನೋಡಿದರೆ ಖರೇ. ಗೇರು ಹಿಡಿಯುವ ಸಣ್ಣ ಹಲ್ಲಿನ ಹಿಂದೆ ಕೂದಲೆಳೆಯಂಥ ಸ್ಪ್ರಿಂಗ್ ಇರುತ್ತದೆ, ಅದು ತುಂಡಾಗಿತ್ತು. ಸಣ್ಣ ಸ್ಟೀಲ್ ತಂತಿ ತೆಗೆದುಕೊಂಡು ಪಕ್ಕಡ್‌ನಲ್ಲಿ ತಿರುಚಿ ಅಲ್ಲೇ ಹೊಸದು ಮಾಡಿದರು. ಮೊದಲ ಎರಡು ಸರಿ ಬರಲಿಲ್ಲ, ಬಿಸಾಕಿದರು. ಮೂರನೆಯದು ಕೂತಿತು.

ಆಮೇಲೆ ಹಬ್ ಒರೆಸಿ, "ಓದ್ರಿ" ಅಂತ ನನ್ನ ಕಡೆ ಹಿಡಿದರು. ಅದರ ಮೇಲೆ ಸ್ಟರ್ಮಿ ಆರ್ಚರ್, ಎಡಬ್ಲ್ಯು, 53, 8 ಅಂತ ಒತ್ತಿದ್ದರು. ಎಡಬ್ಲ್ಯು ಮಾಡೆಲ್ ಹೆಸರು, ಉಳಿದದ್ದು ಅಂದರೆ 1953ರ ಆಗಸ್ಟ್. ಈ ಕಂಪನಿಯ ಹಳೇ ಹಬ್‌ಗಳಲ್ಲಿ ತಯಾರಾದ ವರ್ಷ, ತಿಂಗಳು ಎರಡೂ ಇರುತ್ತವೆ. ಮನೆಯಲ್ಲಿ ಹಳೇ ಗೇರ್ ಸೈಕಲ್ ಇದ್ದವರು ಒರೆಸಿ ನೋಡಿ. ಇನ್ನೊಂದು ಗುರುತು ಹೇಳುತ್ತೇನೆ. ರ‍್ಯಾಲಿ ಅಂತ ಇದ್ದದ್ದೆಲ್ಲಾ ಇಂಗ್ಲೆಂಡಿನದಲ್ಲ. ನಮ್ಮ ಕಡೆ ಓಡಾಡಿದ್ದರಲ್ಲಿ ಬಹಳಷ್ಟು ಬಂಗಾಳದ ಆಸನ್ಸೋಲ್‌ನಲ್ಲಿ ಸೇನ್ ರ‍್ಯಾಲಿಯವರು ಮಾಡಿದ್ದು. ಹ್ಯಾಂಡಲ್ ಕೆಳಗಿನ ಬಿಲ್ಲೆಯಲ್ಲಿ ನಾಟಿಂಗ್‌ಹ್ಯಾಮ್ ಅಂತ ಇದೆಯಾ ನೋಡಿ. ನನ್ನದರಲ್ಲಿ ಇತ್ತು. ಕೊಕ್ಕರೆ ತಲೆಯ ಗುರುತೂ ಇತ್ತು, ಪೆಡಲ್ ಚಕ್ರದಲ್ಲೂ ಅದೇ ಕೊಕ್ಕರೆಗಳನ್ನು ಕೊರೆದಿದ್ದಾರೆ.

ಈಗ ಅಸಲಿ ಕೆಲಸಕ್ಕೆ ಬರುತ್ತೇನೆ. ಈ ಅಂಗಡಿಗೆ ಐದಕ್ಕೆ ಐದು ಕೊಟ್ಟಿದ್ದು ಯಾಕೆ ಅನ್ನುವುದು ಪೆಡಲ್ ಹತ್ತಿರ ಇದೆ. ಹಳೇ ಸೈಕಲ್‌ಗಳಲ್ಲಿ ಪೆಡಲ್ ಕ್ರ್ಯಾಂಕನ್ನು ಅಚ್ಚಿಗೆ ಹಿಡಿದಿಡುವುದು ಒಂದು ಕಾಟರ್ ಪಿನ್. ಅದನ್ನು ತೆಗೆಯುವಾಗ ಸುಮ್ನೆ ಸುತ್ತಿಗೆಯಲ್ಲಿ ಹೊಡೆದರೆ ಏಟು ಅಚ್ಚಿನ ಮೂಲಕ ಛರ್ರಾಗಳಿಗೆ, ಅಂದರೆ ಬೇರಿಂಗಿನ ಗುಂಡುಗಳಿಗೆ, ಹೋಗಿ ಅವು ಕೂತಿರುವ ಬಟ್ಟಲಿನಂಥ ಕಪ್ಪಿಗೆ ಗುಂಡಿ ಬೀಳುತ್ತದೆ. ಆಮೇಲೆ ಎಷ್ಟು ಗ್ರೀಸ್ ಹಾಕಿದರೂ ತುಳಿಯುವಾಗ ಕಟ ಕಟ ಅನ್ನುವುದು ಹೋಗುವುದಿಲ್ಲ. ಚಾಚಾ ಕ್ರ್ಯಾಂಕ್ ಕೆಳಗೆ ನೆಲದಿಂದ ಸರಿಯಾಗಿ ಎತ್ತರಕ್ಕೆ ಕತ್ತರಿಸಿಟ್ಟ ಒಂದು ಕಬ್ಬಿಣದ ಪೈಪ್ ನಿಲ್ಲಿಸುತ್ತಾರೆ. ಏಟಿನ ಭಾರವೆಲ್ಲಾ ಆ ಪೈಪಿನ ಮೇಲೆ ಹೋಗುತ್ತದೆ. ಒಂದೇ ಏಟು, ಪಿನ್ ಹೊರಗೆ. ಹೊಸ ಪಿನ್ ಹಾಕುವಾಗ ಅದರ ಚಪ್ಪಟೆ ಮುಖವನ್ನು ಅರದಲ್ಲಿ ಸ್ವಲ್ಪ ಉಜ್ಜಿ, ಹಾಕಿ ನೋಡಿ, ತೆಗೆದು, ಎಲ್ಲಿ ಹೊಳಪು ಬಿದ್ದಿದೆ ಅಂತ ನೋಡಿ, ಮತ್ತೆ ಉಜ್ಜುತ್ತಾರೆ. ಎರಡೂ ಪೆಡಲ್ ಒಂದೇ ಗೆರೆಯಲ್ಲಿ ಬರುವ ತನಕ ಬಿಡುವುದಿಲ್ಲ. ಬೇರೆ ಅಂಗಡಿಗಳಲ್ಲಿ ಪಿನ್ ಹಾಕಿಸಿಕೊಂಡು ಒಂದು ಪೆಡಲ್ ಹನ್ನೆರಡಕ್ಕೆ, ಇನ್ನೊಂದು ಆರೂವರೆಗೆ ನಿಂತ ಸೈಕಲ್ ತುಳಿದವರಿಗೆ ಇದರ ಬೆಲೆ ಗೊತ್ತು.

ಕಪ್ಪನ್ನು ಕಾಪಾಡಲೇಬೇಕು, ಯಾಕೆಂದರೆ ಇದಕ್ಕೆ ಬೇರೆ ಸಿಗುವುದಿಲ್ಲ. ಅದೊಂದು ವಿಚಿತ್ರ ಕಥೆ. ಬರ್ಮಿಂಗ್‌ಹ್ಯಾಮ್‌ನ ಬಿಎಸ್‌ಎ ಕಂಪನಿಯ ಅಳತೆಯಲ್ಲಿ ಈ ಕಪ್ಪಿಗೆ ಇಂಚಿಗೆ 24 ಥ್ರೆಡ್, ಅಂದರೆ ತಿರುಪಿನ ಸುತ್ತು. ಇವತ್ತಿಗೂ ಲಕ್ಷ ರೂಪಾಯಿಯ ಎಷ್ಟೋ ರೇಸ್ ಸೈಕಲ್‌ಗಳಲ್ಲಿ ಅದೇ ಅಳತೆ ನಡೆಯುತ್ತದೆ, ಹೆಸರೂ ಬಿಎಸ್‌ಎ ಥ್ರೆಡ್ ಅಂತಲೇ. ರ‍್ಯಾಲಿಯವರು ಮಾತ್ರ ತಮ್ಮದೇ ಅಂತ 26 ಥ್ರೆಡ್ ಇಟ್ಟುಕೊಂಡಿದ್ದರು. ಹೊರಗಿನ ಕಪ್ಪು ಕೂಡುವುದೇ ಇಲ್ಲ. ಆಗ ಅವರಿಗೆ ಅಷ್ಟು ಸೊಕ್ಕು ಮಾಡಲು ಆಗುತ್ತಿತ್ತು. ಐವತ್ತರ ದಶಕದಲ್ಲಿ ನಾಟಿಂಗ್‌ಹ್ಯಾಮ್‌ನ ಆ ಕಾರ್ಖಾನೆಯಲ್ಲಿ ಏಳೆಂಟು ಸಾವಿರ ಜನ ಕೆಲಸ ಮಾಡುತ್ತಿದ್ದರು, ವರ್ಷಕ್ಕೆ ಹತ್ತು ಲಕ್ಷ ಸೈಕಲ್ ಮಾಡಿದ್ದೂ ಉಂಟು, ನಟ್ಟು ಬೋಲ್ಟಿನಿಂದ ಹಿಡಿದು ಹಬ್‌ವರೆಗೆ ಬಹುತೇಕ ಎಲ್ಲವೂ ತಮ್ಮ ಕೈಯಲ್ಲೇ.

ಅಂಗಡಿಯಲ್ಲಿ ಕೂರಲು ಒಂದು ಹಳೇ ಟಯರ್ ಗುಡ್ಡೆ ಬಿಟ್ಟರೆ ಬೇರೆ ಜಾಗ ಇಲ್ಲ. ಅದರ ಮೇಲೆ ಕೂತು ನಾನು ಇದೆಲ್ಲಾ ಚಾಚಾಗೆ ಹೇಳುತ್ತಿದ್ದೆ, ಅವರು ಡೀಸೆಲ್‌ನಲ್ಲಿ ಛರ್ರಾ ತೊಳೆಯುತ್ತಾ ಕೇಳುತ್ತಿದ್ದರು. ಚಿಮಣಿ ಎಣ್ಣೆ ಈಗ ಎಲ್ಲಿ ಸಿಗುತ್ತದೆ ಹೇಳಿ.

"ಆ ಕಾರ್ಖಾನಿ ಈಗ ಅದನ್ರಿ?" ಅಂದರು.

ಇಲ್ಲ. ಫ್ರ್ಯಾಂಕ್ ಬೌಡನ್ ಅನ್ನುವವರು 1887ರ ಸುಮಾರಿಗೆ ನಾಟಿಂಗ್‌ಹ್ಯಾಮ್‌ನ ರ‍್ಯಾಲಿ ರಸ್ತೆಯಲ್ಲಿದ್ದ ಒಂದು ಸಣ್ಣ ಅಂಗಡಿಗೆ ದುಡ್ಡು ಹಾಕಿ ಬೆಳೆಸಿದ ಕಂಪನಿ ಅದು. ಹೆಸರು ಬಂದದ್ದೂ ಆ ರಸ್ತೆಯಿಂದಲೇ. 1999ರಲ್ಲಿ ಫ್ರೇಮ್ ಮಾಡುವುದು ನಿಂತು ಯಂತ್ರಗಳು ಹರಾಜಿಗೆ ಬಂದವು. 2002ರಲ್ಲಿ ಜೋಡಿಸುವ ಕೆಲಸವೂ ನಿಂತಿತು. ಜಾಗದಲ್ಲಿ ಈಗ ಯೂನಿವರ್ಸಿಟಿ ಇದೆ. ಹಬ್ ಮಾಡುವ ಸ್ಟರ್ಮಿ ಆರ್ಚರನ್ನು 2000ದಲ್ಲಿ ತೈವಾನ್‌ನವರು ಕೊಂಡರು. ರ‍್ಯಾಲಿ ಹೆಸರು 2012ರಲ್ಲಿ ಡಚ್ ಕಂಪನಿಯೊಂದರ ಪಾಲಾಯಿತು. ಬರ್ಮಿಂಗ್‌ಹ್ಯಾಮ್ ಹತ್ತಿರ ಚರ್ಮದ ಸೀಟು ಮಾಡುವ ಬ್ರೂಕ್ಸ್ ಇನ್ನೂ ಅಲ್ಲೇ ಮಾಡುತ್ತದೆ, ಆದರೆ ಮಾಲೀಕರು ಇಟಲಿಯವರು. ಬಿಎಸ್‌ಎ ಸೈಕಲ್ ವಿಭಾಗವನ್ನು 1957ರಲ್ಲೇ ರ‍್ಯಾಲಿ ನುಂಗಿತ್ತು. ಬಿಎಸ್‌ಎ ಬೈಕ್‌ನ ಹೆಸರು ಈಗ ನಮ್ಮ ಮಹೀಂದ್ರಾದವರ ಕೈಯಲ್ಲಿದೆ. ನನಗೆ ಗೇರಿನ ಸಣ್ಣ ಸರಪಳಿ ಬೇಕಾಗಿತ್ತು, ಆನ್‌ಲೈನ್‌ನಲ್ಲಿ ತರಿಸಿದೆ. ಪ್ಯಾಕೆಟ್ ಮೇಲೆ ಅದೇ ಸ್ಟರ್ಮಿ ಆರ್ಚರ್, ಅದೇ ಅಕ್ಷರ, ಕೆಳಗೆ ಮೇಡ್ ಇನ್ ತೈವಾನ್. ಕೂತಿತು, ಚೆನ್ನಾಗಿಯೇ ಇದೆ. ಅದಕ್ಕೂ ನಾನು ತಕರಾರು ಮಾಡುವುದಿಲ್ಲ.

ನಮ್ಮೂರಿನವರಿಗೆ ಇದೇನು ಹೊಸದಲ್ಲ ಬಿಡಿ. ಎಂಎಸ್‌ಕೆ ಮಿಲ್ ಅಂತ ಆಟೋದವನಿಗೆ ಹೇಳಿದರೆ ಕರೆದುಕೊಂಡು ಹೋಗುತ್ತಾನೆ. ವಿಳಾಸದಲ್ಲಿ ಇದೆ, ಅಂಗಡಿಗಳ ಬೋರ್ಡ್‌ನಲ್ಲಿ ಇದೆ. ಮಗ್ಗದ ಸದ್ದು ಮಾತ್ರ ನಿಂತು ಒಂದು ತಲೆಮಾರಾಯಿತು.

ಇಂಗ್ಲೆಂಡಿನಲ್ಲಿ ಸೈಕಲ್ ಕಾರ್ಖಾನೆಗಳು ಮುಚ್ಚಿದ್ದು ಯಾಕೆ ಅಂದರೆ ಎಲ್ಲರೂ ಚೀನಾ ಅನ್ನುತ್ತಾರೆ. ಚೀನಾ, ತೈವಾನ್ ಬಂದದ್ದು ಬಹಳ ತಡವಾಗಿ. ಶುರುವಾಗಿದ್ದು ಐವತ್ತರ ದಶಕದಲ್ಲೇ. ಅವರ ಜನ ಕೈಯಲ್ಲಿ ನಾಲ್ಕು ಕಾಸು ಆದದ್ದೇ ಕಾರು ಕೊಂಡರು. ಹೊರದೇಶಕ್ಕೆ ಮಾರೋಣ ಅಂದರೆ ಅಲ್ಲೂ ಬಾಗಿಲು ಮುಚ್ಚುತ್ತಾ ಬಂತು. ಆ ಬಾಗಿಲು ಮುಚ್ಚಿದವರಲ್ಲಿ ನಾವೂ ಇದ್ದೆವು. ಸ್ವಾತಂತ್ರ್ಯ ಬಂದ ಮೇಲೆ ನಮ್ಮ ಸರ್ಕಾರ ಹೊರಗಿನ ಸೈಕಲ್‌ಗೆ ತಡೆ ಹಾಕಿ, ಇಲ್ಲೇ ಮಾಡಿ ಅಂದಿತು. ಅದಕ್ಕೇ ಇಂಗ್ಲೆಂಡಿನ ಕಂಪನಿಗಳು ಇಲ್ಲಿ ಜೊತೆಗಾರರನ್ನು ಹುಡುಕಿಕೊಂಡು ಬಂದವು. ಸೇನ್ ರ‍್ಯಾಲಿ ಹುಟ್ಟಿದ್ದು ಹಾಗೆ. 1949ರಲ್ಲಿ ಮದ್ರಾಸಿನಲ್ಲಿ ಮುರುಗಪ್ಪ ಮನೆತನದವರು ಇಂಗ್ಲೆಂಡಿನ ಟ್ಯೂಬ್ ಇನ್‌ವೆಸ್ಟ್‌ಮೆಂಟ್ಸ್ ಜೊತೆ ಸೇರಿ ಟಿಐ ಸೈಕಲ್ಸ್ ಶುರು ಮಾಡಿದ್ದೂ ಹಾಗೇ. ನಮ್ಮ ಹಳ್ಳಿ ಹಳ್ಳಿಯಲ್ಲಿ ಹಾಲಿನ ಕ್ಯಾನ್ ಹೊತ್ತ ಹರ್ಕ್ಯುಲಿಸ್ ಬಂದದ್ದು ಇವರ ಅಂಬತ್ತೂರಿನ ಕಾರ್ಖಾನೆಯಿಂದ. ಹೆಸರು ಮಾತ್ರ ಬರ್ಮಿಂಗ್‌ಹ್ಯಾಮ್‌ನದು. ಆಮೇಲೆ ಹೆಸರನ್ನೂ ಸಾಲ ತರದೆ ಸೋನಿಪತ್‌ನಲ್ಲಿ ಅಟ್ಲಾಸ್, 1956ರಲ್ಲಿ ಲುಧಿಯಾನಾದಲ್ಲಿ ಹೀರೋ ಬಂದವು. ಮೂವತ್ತು ವರ್ಷಕ್ಕೆ, ಅಂದರೆ 1986ರಲ್ಲಿ, ಹೀರೋ ಜಗತ್ತಿನ ಅತಿ ದೊಡ್ಡ ಸೈಕಲ್ ತಯಾರಕ ಅಂತ ಗಿನ್ನೆಸ್ ಪುಸ್ತಕ ಸೇರಿತು.

"ಅಂದ್ರ ಅವರ ಕಾರ್ಖಾನಿ ಮುಚ್ಚೋದ್ರಾಗ ನಮ್ದೂ ಒಂದ್ ಕೈ ಅದ ಅಂತೀರಿ" ಅಂತ ಚಾಚಾ ನಕ್ಕರು. ಬೇಜಾರೇನೂ ಇರಲಿಲ್ಲ ಅವರಿಗೆ. ನನಗೂ ಇಲ್ಲ. ಆದರೆ ಇದೇ ಲೆಕ್ಕದಲ್ಲಿ ನಮ್ಮದನ್ನೂ ನೋಡಬೇಕಲ್ವಾ. ಸೇನ್ ರ‍್ಯಾಲಿ ನಷ್ಟಕ್ಕೆ ಬಿದ್ದು 1980ರಲ್ಲಿ ಸರ್ಕಾರದ ಪಾಲಾಯಿತು, ಆಮೇಲೆ ಮುಚ್ಚಿತು. ಅಟ್ಲಾಸ್‌ನವರು ಸಾಹಿಬಾಬಾದ್ ಕಾರ್ಖಾನೆಗೆ ಬೀಗ ಹಾಕಿದ್ದು 2020ರ ಜೂನ್ 3ರಂದು. ಅವತ್ತು ವಿಶ್ವ ಸೈಕಲ್ ದಿನ.

ಕಾರ್ಖಾನೆ ಹೋದರೆ ಸೈಕಲ್ ಸಿಗದೇ ಹೋಗುವುದಿಲ್ಲ, ಇನ್ನೆಲ್ಲಿಂದಲೋ ಬರುತ್ತದೆ, ಅಗ್ಗಕ್ಕೂ ಬರುತ್ತದೆ. ಹೋಗುವುದು ಕೈ. ಹಬ್‌ನ ಸದ್ದು ಕೇಳಿ ಸ್ಪ್ರಿಂಗ್ ಮುರಿದಿದೆ ಅನ್ನುವ ಕಿವಿ ಹೋಗುತ್ತದೆ. ಇಂಗ್ಲೆಂಡಿನವರಿಗೆ ಇದು ಗೊತ್ತಾಗಿದೆ. ಅಲ್ಲೊಂದು ಸಂಸ್ಥೆ 2017ರಿಂದ ಅಳಿವಿನಂಚಿನ ಕಸುಬುಗಳ ಕೆಂಪು ಪಟ್ಟಿ ಮಾಡುತ್ತಿದೆ, ಹುಲಿ ಚಿರತೆಗೆ ಮಾಡುತ್ತಾರಲ್ಲ, ಹಾಗೆ. ಮೊದಲ ಪಟ್ಟಿಯಲ್ಲೇ ಪೂರ್ತಿ ಅಳಿದುಹೋದವುಗಳ ಸಾಲಿನಲ್ಲಿ ಕೈಯಿಂದ ಕ್ರಿಕೆಟ್ ಚೆಂಡು ಹೊಲಿಯುವುದು ಇತ್ತು. ಕ್ರಿಕೆಟ್ ಹುಟ್ಟಿದ ದೇಶದಲ್ಲಿ! ಜರಡಿ ಹೆಣೆಯುವುದೂ ಅದೇ ಸಾಲಿನಲ್ಲಿತ್ತು. ಸೈಕಲ್‌ನಲ್ಲೂ ಅಲ್ಲಿ ಉಳಿದಿರುವುದು ಕೈಬೆರಳೆಣಿಕೆ. ಲಂಡನ್‌ನಲ್ಲಿ ಬ್ರಾಂಪ್ಟನ್‌ನವರು ಮಡಚುವ ಸೈಕಲ್‌ನ ಫ್ರೇಮನ್ನು ಈಗಲೂ ಕೈಯಿಂದಲೇ ಹಿತ್ತಾಳೆ ಕರಗಿಸಿ ಬೆಸೆಯುತ್ತಾರೆ, ಬೆಸೆದವರು ತಮ್ಮ ಗುರುತನ್ನೂ ಒತ್ತುತ್ತಾರೆ. ಬೆಲೆ ಲಕ್ಷದ ಮೇಲೆ. ಡರ್ಬಿ ಕಡೆ ಮರ್ಸಿಯನ್ ಅಂತ 1946ರಿಂದ ಇದ್ದ ಅಂಗಡಿ 2024ರಲ್ಲಿ ಬಾಗಿಲು ಹಾಕಿತು. ಆಮೇಲೆ ಕೆಲವರು ಸೇರಿ ಅದನ್ನು ಉಳಿಸಿಕೊಂಡರು.

ಬ್ರಾಂಪ್ಟನ್ ಉಳಿದಿರುವುದು ಆ ಬೆಲೆ ಕೊಡುವವರು ಇರುವುದಕ್ಕೆ. ಹಳೇ ಕಸುಬಿನ ಮೇಲಿನ ಪ್ರೀತಿಯಿಂದಲ್ಲ. ಈ ಮಾತು ಯಾಕೆ ಹೇಳಿದೆ ಅಂದರೆ ಚಾಚಾ ತೆಗೆದುಕೊಳ್ಳುವ ದುಡ್ಡು ಕೇಳಿ. ಪೂರ್ತಿ ಓವರಾಲಿಂಗ್‌ಗೆ 600 ರೂಪಾಯಿ, ಸಾಮಾನಿನ ದುಡ್ಡು ಬೇರೆ. ಹಬ್‌ನ ಕೆಲಸಕ್ಕೆ ಬೇರೆ ಕೇಳಲಿಲ್ಲ. ಸ್ಪ್ರಿಂಗ್ ಮಾಡಿದ್ದಕ್ಕೆ ಎಷ್ಟು ಅಂದರೆ "ತಂತಿಗೇನ್ ರೊಕ್ಕ ತಗೋಳೋದ್ರಿ" ಅಂದರು. ತಂತಿಗಲ್ಲ ಚಾಚಾ, ಅಂತ ಒತ್ತಾಯ ಮಾಡಿ ಕೊಟ್ಟೆ. ಕೈಗೆ ತೆಗೆದುಕೊಳ್ಳಲಿಲ್ಲ, ಹಲಗೆ ಮೇಲೆ ಇಟ್ಟು ಬಂದೆ. ನೀವೂ ಹಾಗೆಯೇ ಮಾಡಿ.

ಅಂಗಡಿಯಲ್ಲಿ ಕಲಿಯುವ ಹುಡುಗರು ಯಾರೂ ಇಲ್ಲ. ತಾಸಿನ ಲೆಕ್ಕದಲ್ಲಿ ಸೈಕಲ್ ಬಾಡಿಗೆ ಕೊಡುತ್ತಿದ್ದ ಕಾಲದಲ್ಲಿ ಸೂಟಿಯಲ್ಲಿ ನಾಲ್ಕೈದು ಹುಡುಗರು ಇರುತ್ತಿದ್ದರಂತೆ. ಸರ್ಕಾರ 2006–07ರಿಂದ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದಾಗ ಮತ್ತೆ ಒಳ್ಳೇ ಕೆಲಸ ಬಂತು, ಕೋವಿಡ್ ಹೊತ್ತಿಗೆ ಅದೂ ನಿಂತಿತು. ಮಗ ಹೈದರಾಬಾದ್‌ನಲ್ಲಿ ಕಾರ್ ಸರ್ವೀಸ್ ಸೆಂಟರ್‌ನಲ್ಲಿದ್ದಾನೆ. ಅವನಿಗೇಕೆ ಕಲಿಸಲಿಲ್ಲ ಅಂತ ಕೇಳಿದರೆ, "ಕಲಿಸೀನ್ರಿ, ಅದಕ್ಕ ಅಂವ ಅಲ್ಲಿ ಮೂರ್ ದಿನದಾಗ ಕೆಲಸ ಹಿಡದಾ" ಅಂದರು. ನಾನು ಏನೋ ಗೋಳು ಕೇಳಬಹುದು ಅಂದುಕೊಂಡಿದ್ದೆ.

ಗಾಲಿಯ ಔಟ್, ಅಂದರೆ ಸೊಟ್ಟ, ತೆಗೆಯುವುದನ್ನು ನೋಡುವುದಕ್ಕಾದರೂ ಸ್ವಲ್ಪ ಹೊತ್ತು ಕೂತುಕೊಳ್ಳಿ. ಮುಂದಿನ ಗಾಲಿ ಹಿಡಿಯುವ ಹಳೇ ಚಿಮಟಾ ಒಂದನ್ನು ತಲೆಕೆಳಗು ನೆಲದಲ್ಲಿ ಹೂಳಿ ಅದನ್ನೇ ಸ್ಟ್ಯಾಂಡ್ ಮಾಡಿಕೊಂಡಿದ್ದಾರೆ. ರಿಮ್ ಪಕ್ಕಕ್ಕೆ ಚಾಕ್‌ಪೀಸ್ ಹಿಡಿದು ಗಾಲಿ ತಿರುಗಿಸುತ್ತಾರೆ. ಎಲ್ಲಿ ಉಬ್ಬಿದೆಯೋ ಅಲ್ಲಿ ಬಿಳಿ ಗೆರೆ ಬೀಳುತ್ತದೆ. ಅದರ ಎದುರಿನ ಕಡ್ಡಿಯನ್ನು ಕಾಲು ಸುತ್ತು ಬಿಗಿ, ಈ ಕಡೆಯದು ಕಾಲು ಸುತ್ತು ಸಡಿಲ. ಆಮೇಲೆ ಉಗುರಿನಿಂದ ಒಂದೊಂದೇ ಕಡ್ಡಿ ಮೀಟಿ ಸದ್ದು ನೋಡುತ್ತಾರೆ. ಮುಂದಿನ ಗಾಲಿಗೆ 32 ಕಡ್ಡಿ, ಹಿಂದಿನದಕ್ಕೆ 40. ಇದು ಇಂಗ್ಲೆಂಡಿನವರ ಹಳೇ ಲೆಕ್ಕ, ಭಾರ ಹಿಂದೆ ಬೀಳುತ್ತದೆ ಅಂತ. ಅವರು ಬಿಟ್ಟರು. ನಮ್ಮ ಕರೀ ಸೈಕಲ್‌ಗಳಲ್ಲಿ ಇನ್ನೂ ಹಾಗೇ ಇದೆ, ಹಾಗಾಗಿ ಕಡ್ಡಿ, ರಿಮ್, 28 ಇಂಚಿನ ಟಯರ್ ಎಲ್ಲವೂ ಇಲ್ಲೇ ಗಂಜ್‌ನಲ್ಲಿ ಸಿಕ್ಕಿದವು. ಪಾರ್ಟ್ಸ್ ಬರಲ್ಲ ಅಂದಿದ್ದ ಶೋರೂಮ್ ಹುಡುಗನ ನೆನಪಾಯಿತು.

ಈಗ ತಕರಾರು. ಒಂದು, ಟೈಮ್. "ಗುರುವಾರ ಬರ್ರಿ" ಅಂದರೆ ಯಾವ ಗುರುವಾರ ಅಂತ ಕೇಳಿಕೊಳ್ಳಿ. ಹೋದಾಗಲೆಲ್ಲಾ ನನ್ನ ಸೈಕಲ್ ಬಿಚ್ಚಿದ್ದು ಬಿಚ್ಚಿದ ಹಾಗೇ ಇರುತ್ತಿತ್ತು, ಯಾಕೆಂದರೆ ಪಂಕ್ಚರ್‌ನವರು ಬಂದರೆ ಅವರದ್ದು ಮೊದಲು. ದಿನದ ದುಡಿಮೆ ಅದೇ, ಅರ್ಥವಾಗುತ್ತದೆ, ಆದರೂ ಕಾಯುವವರಿಗೆ ಸಿಟ್ಟು ಬರುತ್ತದೆ. ಫೋನ್ ಮಾಡಿದರೆ ಎತ್ತುವುದಿಲ್ಲ, ಕೈ ತುಂಬಾ ಗ್ರೀಸ್.

ಎರಡು, ಪೇಂಟ್. ಅವರು ಮಾಡುವುದಿಲ್ಲ, ಹೊರಗೆ ಕೊಡಿಸುತ್ತಾರೆ. ನಾನು ಚೈನ್ ಕವರ್ ಒಂದನ್ನು ಮಾತ್ರ ಕೊಟ್ಟು ನೋಡಿದೆ, ಅಲ್ಮಾರಿಗೆ ಬಳಿದ ಹಾಗೆ ದಪ್ಪಗೆ ಬಳಿದು ತಂದರು. ಅದರ ಮೇಲಿದ್ದ ಬಂಗಾರದ ಬಣ್ಣದ ಸಣ್ಣ ಗೆರೆ ಹೋಯಿತು. ಕಾರ್ಖಾನೆಯಲ್ಲಿ ಆ ಗೆರೆಯನ್ನು ಉದ್ದ ಕೂದಲಿನ ಬ್ರಷ್ ಹಿಡಿದು ಕೈಯಲ್ಲೇ ಎಳೆಯುತ್ತಿದ್ದರು. ಕಲಬುರಗಿಯಲ್ಲಿ ಅದನ್ನು ಎಳೆಯುವವರು ನನಗೆ ಯಾರೂ ಸಿಗಲಿಲ್ಲ. ಹಳೇ ಬಣ್ಣ ಇದ್ದಷ್ಟು ಇರಲಿ, ಎಣ್ಣೆ ಬಟ್ಟೆಯಲ್ಲಿ ಒರೆಸಿಸಿಕೊಂಡು ತನ್ನಿ, ಸಾಕು.

ಮೂರು, ಬ್ರೇಕ್ ರಬ್ಬರ್. ಹೊಸದು ಹಾಕಿದ್ದು ಕಿರ್ರ್ ಅನ್ನುತ್ತದೆ. ಮತ್ತೆ ಒಯ್ದಾಗ ಉಜ್ಜಿ ಕೊಟ್ಟರು, ಸ್ವಲ್ಪ ಕಡಿಮೆಯಾಗಿದೆ. ಮಳೆಯಲ್ಲಿ ರಾಡ್ ಬ್ರೇಕನ್ನು ನಂಬಬೇಡಿ, ಅದು ಚಾಚಾ ತಪ್ಪಲ್ಲ, ನಾಟಿಂಗ್‌ಹ್ಯಾಮ್‌ನವರ ತಪ್ಪು.

ಸೈಕಲ್ ಈಗ ಹೇಗಿದೆ ಅಂದರೆ, ಕೋಟೆ ಕಡೆಯಿಂದ ಶರಣಬಸವೇಶ್ವರ ಗುಡಿವರೆಗೆ ತುಳಿದರೆ ಪೆಡಲ್‌ನಿಂದ ಒಂದು ಸದ್ದು ಇಲ್ಲ. ಮೂರು ಗೇರೂ ಬೀಳುತ್ತವೆ. ಭಾರ ಜಾಸ್ತಿಯೇ, ಏರಿನಲ್ಲಿ ಗೊತ್ತಾಗುತ್ತದೆ, ಹೊಸ ಸೈಕಲ್ ತುಳಿದು ಅಭ್ಯಾಸ ಇದ್ದವರಿಗೆ ಎತ್ತಿನ ಗಾಡಿ ಅನ್ನಿಸಬಹುದು. ಹೊಸ ಗೇರ್ ಸೈಕಲ್ ಇದ್ದವರು, ಡಿಸ್ಕ್ ಬ್ರೇಕ್ ಇದ್ದವರು ಇಲ್ಲಿಗೆ ಬರಬೇಡಿ, ಚಾಚಾಗೆ ಅದರಲ್ಲಿ ಆಸಕ್ತಿ ಇಲ್ಲ, ನೇರವಾಗಿ ಹೇಳಿ ಕಳಿಸುತ್ತಾರೆ. ಕರೀ ಸೈಕಲ್, ಲೇಡೀಸ್ ಸೈಕಲ್, ಮಕ್ಕಳ ಶಾಲೆ ಸೈಕಲ್ ಇದ್ದವರಿಗೆ ಇದಕ್ಕಿಂತ ಒಳ್ಳೇ ಅಂಗಡಿ ಊರಲ್ಲಿ ನನಗೆ ಗೊತ್ತಿಲ್ಲ.

ಬೆಳಿಗ್ಗೆ ಹತ್ತರ ಮೇಲೆ ಹೋಗಿ. ಶುಕ್ರವಾರ ಮಧ್ಯಾಹ್ನ ಬಾಗಿಲು ಹಾಕಿರುತ್ತಾರೆ. ಫೋನ್ ಪೇ ಇಲ್ಲ, ರೊಕ್ಕ ಒಯ್ಯಿರಿ, ಐನೂರರ ನೋಟಿಗೆ ಚಿಲ್ಲರೆ ಕೇಳಬೇಡಿ. ಕಾಟರ್ ಪಿನ್ ಹೊಸದು ಹಾಕಿಸಿದವರು ವಾರ ತುಳಿದ ಮೇಲೆ ಒಂದು ಸಲ ಒಯ್ದು ನಟ್ಟು ಬಿಗಿ ಮಾಡಿಸಿಕೊಳ್ಳಿ, ಅದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.